ನಾನೂರು ಜೋಡಿ

ವಸಂತಪುರದ ನಮ್ಮ ಮನೆ ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಇವತ್ತು ಸಂಜೆ ಚಕ್ಕುಲಿ ಕರಿಯುತ್ತಿದ್ದರು. ಆ ವಾಸನೆಗೆ ನಿಮಗೆ ಹಬ್ಬ ನೆನಪಾಗಬಹುದು. ನನಗೆ ಇಂಡಕ್ಟೆನ್ಸ್ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ತಿಲಕ್ ನಗರದ ಬಾಡಿಗೆ ಕೋಣೆಯಲ್ಲಿ ನಾನೂ ಭಾರ್ಗವಿಯೂ ಇದ್ದ ಕಾಲ. ಅವಳದು ಗಣಿತ, ನನ್ನದು ಭೌತಶಾಸ್ತ್ರ, ಇಬ್ಬರಿಗೂ ಸೇರಿ ಒಂದೇ ಲ್ಯಾಪ್‌ಟಾಪ್. ಅತಿವಾಹಕ ತಂತಿಯ ಇಪ್ಪತ್ತು ಚಪ್ಪಟೆ ಸುರುಳಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅದರ ಇಂಡಕ್ಟೆನ್ಸ್ ಎಷ್ಟು ಎಂಬುದು ನನ್ನ ಲೆಕ್ಕ. ಅದು ಸಿಕ್ಕಿದರೆ ಅಷ್ಟೂ ಸುರುಳಿಗಳಲ್ಲಿ ಎಷ್ಟು ಶಕ್ತಿ ಕೂಡಿಡಬಹುದು ಎಂದು ತಿಳಿಯುತ್ತದೆ. ನಾನು ಪ್ರತಿ ಸುರುಳಿಯನ್ನೂ ಪ್ರತಿಯೊಂದರ ಜೊತೆ ಜೋಡಿ ಮಾಡಿ, ಒಂದರ ಪ್ರಭಾವ ಇನ್ನೊಂದರ ಮೇಲೆ ಎಷ್ಟೆಂದು ನಾನೂರು ಜೋಡಿಗಳನ್ನೂ ಲೆಕ್ಕಕ್ಕೆ ಹಚ್ಚಿದ್ದೆ. ಅಚ್ಚುಕಟ್ಟಿನ ಹುಡುಗಿ ಎಂಬ ಹೆಮ್ಮೆ ಬೇರೆ. ಲ್ಯಾಪ್‌ಟಾಪ್ ಬಿಸಿಯಾಗಿ ಗುಂಯ್‌ಗುಡುತ್ತ ದಿನಗಟ್ಟಲೆ ಓಡುತ್ತಿತ್ತು. ಅದನ್ನು ಮುಟ್ಟುವಂತಿಲ್ಲವಾದ್ದರಿಂದ ಸಂಜೆ ಇಬ್ಬರೂ ಜಯನಗರದ ಮರಗಳ ಕೆಳಗೆ ನಡೆಯುತ್ತಿದ್ದೆವು. ಪ್ರತಿ ನಡಿಗೆಗೂ ಡೈರಿಯಲ್ಲಿ ಒಂದು ಗೀಟು.

ಒಂದು ಶುಕ್ರವಾರ ಭಾರ್ಗವಿ, "ನಾಳೆ ಬೆಳಿಗ್ಗೆ ಧಾರವಾಡದ ಕಾಲೇಜಿನವರು ವಿಡಿಯೋದಲ್ಲಿ ಇಂಟರ್‌ವ್ಯೂ ಮಾಡ್ತಾರೆ. ಲ್ಯಾಪ್‌ಟಾಪ್ ಬೇಕು ಕಣೆ" ಎಂದಳು. ನಿಲ್ಲಿಸಿದರೆ ಲೆಕ್ಕ ಮತ್ತೆ ಮೊದಲಿನಿಂದ. ನನ್ನ ಸಂಶೋಧನೆಯ ಗೈಡ್‌ಗೆ ನಾನು ಉತ್ತರ ಒಪ್ಪಿಸಬೇಕಿದ್ದದ್ದೂ ಮರುದಿನವೇ.

"ಇನ್ನೂ ಅರ್ಧಾನೂ ಆಗಿಲ್ವೇ" ಎಂದೆ, ಅಳು ಬರುವಂತೆ.

ಅವಳು ಜಗಳಕ್ಕೆ ಬರಲಿಲ್ಲ. ತಟ್ಟೆಯಲ್ಲಿದ್ದ ಚಕ್ಕುಲಿಗಳನ್ನು ಒಂದರ ಮೇಲೊಂದು ಪೇರಿಸಿದಳು.

"ಒಂದನೇದಕ್ಕೂ ಎರಡನೇದಕ್ಕೂ ಎಷ್ಟು ದೂರ?"

"ಒಂದು ಚಕ್ಕುಲಿ."

"ನಾಲ್ಕನೇದಕ್ಕೂ ಐದನೇದಕ್ಕೂ?"

"ಅಷ್ಟೇ."

"ಎಲ್ಲಾ ಒಂದೇ ಅಚ್ಚು, ದೂರಾನೂ ಅಷ್ಟೇ. ಮತ್ತೆ ಅದನ್ನೇ ಯಾಕೆ ಪದೇ ಪದೇ ಲೆಕ್ಕ ಹಾಕ್ತೀಯ, ದಡ್ಡಿ?"

ಬೇಕಿದ್ದದ್ದು ಇಪ್ಪತ್ತೇ ಸಂಖ್ಯೆ: ಮೊದಲ ಸುರುಳಿಗೆ ತನ್ನೊಂದಿಗೂ ಉಳಿದವುಗಳೊಂದಿಗೂ ಇರುವ ಲೆಕ್ಕ. ಮಿಕ್ಕದ್ದೆಲ್ಲ ಬರೀ ಕೂಡುವುದು. ಆ ಇಪ್ಪತ್ತೂ ಮೊದಲ ದಿನವೇ ಪರದೆಯ ಮೇಲೆ ಮೂಡಿದ್ದವು. ಉಳಿದ ದಿನಗಳೆಲ್ಲ ನಾವು ಸುಮ್ಮನೆ ನಡೆದಿದ್ದೆವು.

ಅವಳ ಇಂಟರ್‌ವ್ಯೂ ಆಯಿತು, ಕೆಲಸ ಸಿಕ್ಕಿತು, ಧಾರವಾಡಕ್ಕೆ ಹೊರಟುಹೋದಳು. ಡೈರಿಯ ಗೀಟುಗಳು ಆ ಶುಕ್ರವಾರದ ಹಿಂದಿನ ದಿನಕ್ಕೇ ನಿಂತಿವೆ. ಆಮೇಲೆ ನನ್ನ ಲೆಕ್ಕಗಳೆಲ್ಲ ಬೇಗ ಮುಗಿಯತೊಡಗಿದವು. ಅವಳಿಗೆ ಫೋನ್ ಮಾಡಲು ಮಾತ್ರ ಬಿಡುವಾಗುತ್ತಿರಲಿಲ್ಲ.

ಇವತ್ತು ಬೇರೊಂದು ಸುರುಳಿಯ ಲೆಕ್ಕ ಹಚ್ಚಿ, ಅಂಗಡಿಯಿಂದ ತಂದ ಚಕ್ಕುಲಿ ಮುರಿದು ಬಾಯಿಗಿಡುವಷ್ಟರಲ್ಲಿ ಉತ್ತರ ಬಂದಿತ್ತು. ಭಾರ್ಗವಿಗೆ ಫೋನ್ ಮಾಡಿದೆ.

"ಏನೇ, ಇಷ್ಟು ದಿನದ ಮೇಲೆ?"

"ಲೆಕ್ಕ ಓಡ್ತಿದೆ. ಟೈಮಿದೆ."

"ಇನ್ನೂ ನಾನೂರೇ ಹಾಕ್ತೀಯಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. "ಹೂಂ, ನಾನೂರೇ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಸರಿ, ಇರು. ಚಪ್ಪಲಿ ಹಾಕ್ಕೋತೀನಿ."