ಅಂಜಲ್ ಕೊಟ್ಟವಳ ದೂರು

ಅಂಗೈಯ ಒಳಗೆ ಏನೋ ಚುಚ್ಚಿತು.

ಹೊಲಿಗೆ ಹಾಕಿಸಿಕೊಂಡು ಬಂದು ಹೆಚ್ಚು ದಿನ ಆಗಿರಲಿಲ್ಲ. ಕಾಪುವಿನಿಂದ ಮೀನು ತಂದು ಕಾರ್ಕಳದಲ್ಲಿ ಮನೆಮನೆಗೆ ಮಾರುವವಳು ನಾನು. ಅಲ್ಲೇ ಒಂದು ಸೋಡಾ ಅಂಗಡಿಯ ಮುಂದೆ ಜಾರಿ, ಒಡೆದ ಬಾಟಲಿಯ ಮೇಲೆ ಬಲಗೈ ಊರಿ ಬಿದ್ದಿದ್ದೆ. ಹತ್ತಿರದ ಕ್ಲಿನಿಕ್‌ನ ಡಾಕ್ಟರು ಗಾಯ ತೊಳೆದು ಹೊಲಿದರು. ಎಕ್ಸ್‌ರೇ ತೆಗೆಸಲಿಲ್ಲ.

"ಒಳಗೆ ಎಂತದೋ ಉಂಟು ಡಾಕ್ಟ್ರೇ," ಎಂದೆ.

"ಹೊಲಿಗೆ ಎಳೆಯುವುದು ಅಷ್ಟೆ," ಎಂದರು.

ನಂಬಿದೆ. ಹೊಲಿಗೆ ಬಿಚ್ಚಿದ ದಿನ ಖುಷಿಯಲ್ಲಿ ಅವರಿಗೊಂದು ಅಂಜಲ್ ಮೀನು ಕೊಟ್ಟು ಬಂದೆ. ಗುಣ ಮಾಡಿದ ಡಾಕ್ಟರಿಗೆ ಬರಿಗೈಯಲ್ಲಿ ನಮಸ್ಕಾರ ಹೇಳಿ ಬರುವುದು ನಮ್ಮ ಮೀನಿನವರಿಗೆ ಅಭ್ಯಾಸವಿಲ್ಲ. ಆ ದಿನವೂ ಚುಚ್ಚುತ್ತಿತ್ತು. ಅದನ್ನೂ ಹೇಳಿದ್ದೆ.

ಆಮೇಲೆ ಕೈ ಊದಿತು. ಕತ್ತಿ ಹಿಡಿಯಲಾಗದು, ತಲೆ ಬಾಚಲಾಗದು. ನನ್ನ ಬದಲು ಗಂಡ ಮೀನು ಕೊಯ್ಯಲು ಕುಳಿತರೆ ದಪ್ಪ ಬಂಗುಡೆ ಪುಟ್ಟ ಬೂತಾಯಿಯಷ್ಟಾಗಿ ಹೊರಬರುತ್ತಿತ್ತು. ನೋಡಿ ನಗುತ್ತಿದ್ದೆ, ನಗುತ್ತಲೇ ಅಳುತ್ತಿದ್ದೆ. ಈ ಕೈ ಹೋದರೆ ನನ್ನ ಕಸುಬೂ ಹೋಯಿತು, ಜಂಬವೂ ಹೋಯಿತು ಎಂದು ಹೆದರಿಕೆ.

ಮಣಿಪಾಲದಲ್ಲಿ ಎಕ್ಸ್‌ರೇ ತೆಗೆದರು.

ಗಾಜು.

ಆಪರೇಷನ್ ಮಾಡಿ ಅದನ್ನು ತೆಗೆದರು. ಫಿಸಿಯೋಥೆರಪಿಯಲ್ಲಿ ಮಕ್ಕಳ ಹಾಗೆ ಚೆಂಡು ಹಿಚುಕುತ್ತಾ ಕುಳಿತಿರುವಾಗ ನನಗೆ ಕೋಪ ಬಂತು. ಅಷ್ಟು ಸಲ ಹೇಳಿದ್ದೆನಲ್ಲ!

ಉಡುಪಿಯ ವಕೀಲೆಯೊಬ್ಬರು ಸಮಾಧಾನವಾಗಿ ವಿವರಿಸಿದರು. ಚಿಕಿತ್ಸೆ ಫಲಿಸದ್ದೆಲ್ಲ ನಿರ್ಲಕ್ಷ್ಯವಲ್ಲ. ಜಾಗ್ರತೆಯುಳ್ಳ ಡಾಕ್ಟರು ಮಾಡುತ್ತಿದ್ದುದನ್ನು ಇವರು ಮಾಡಲಿಲ್ಲ, ಹಾನಿಯಾದದ್ದು ಅದರಿಂದಲೇ ಎಂದು ತೋರಿಸಬೇಕು. ಎರಡೂ ಕಡೆಯ ರೆಕಾರ್ಡ್ಸ್ ಬೇಕು, ಪರಿಣತರ ಅಭಿಪ್ರಾಯ ಬೇಕು, ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ದೂರು ಹೋಗಬೇಕು. ಎಲ್ಲ ಸರಿ. ಅಂಜಲ್ ಸಂಗತಿ ಕೇಳಿದ್ದೇ ಹಣೆ ಹಿಡಿದುಕೊಂಡರು.

"ಅದನ್ನು ಎಂತಕ್ಕೆ ಕೊಟ್ಟದ್ದು ಮಾರಾಯ್ರೆ!"

ಅವರ ಹೆದರಿಕೆ ನಿಜವಾಯಿತು. ವಿಚಾರಣೆಯಲ್ಲಿ ಎದುರು ವಕೀಲರು ಅದನ್ನೇ ಹಿಡಿದರು. "ತೃಪ್ತಿ ಆಗದಿದ್ದರೆ ಅಂಜಲ್ ಏಕೆ ಕೊಟ್ಟಿರಿ?"

"ಹೊಲಿಗೆ ಬಿಚ್ಚಿದ ಖುಷಿಗೆ ಕೊಟ್ಟದ್ದು. ಚುಚ್ಚುತ್ತದೆ ಅಂತ ಅವತ್ತೂ ಹೇಳಿದ್ದೇನೆ. ಡಾಕ್ಟ್ರನ್ನೇ ಕೇಳಿ."

ಕೇಳಿದರು. ಆ ಮಾತನ್ನು ಎಲ್ಲಿಯೂ ಬರೆದಿರಲಿಲ್ಲ. ಅವರು ಇಲ್ಲ ಎಂದುಬಿಟ್ಟರೆ ನನ್ನದು ಬರೀ ಬಾಯಿಮಾತು. ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು.

"ಹೇಳಿದ್ದರು," ಎಂದರು. "ಮೀನು ತಂದ ದಿನವೇ. ಹಾಗಾಗಿ ನೆನಪುಂಟು. ನಾನು ಎಕ್ಸ್‌ರೇ ತೆಗೆಸಬೇಕಿತ್ತು."

ನನಗೆ ಅಳು ಬಂತು. ಈ ಸಲ ಸಂತೋಷಕ್ಕೆ.

ಆದೇಶ ನಮ್ಮ ಪರವಾಗಿ ಬಂತು. ಆಪರೇಷನ್ನಿನ ಖರ್ಚು, ಕೆಲಸವಿಲ್ಲದ ತಿಂಗಳುಗಳು, ಪಟ್ಟ ನೋವು, ಎಲ್ಲಕ್ಕೂ ಪರಿಹಾರ. ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಇರಲಿ, ಉಳಿದವು ನನ್ನ ಮಾತು ಕೇಳುತ್ತವೆ.

ನಿನ್ನೆ ಅಂಜಲ್ ನಾನೇ ಕೊಯ್ದೆ. ಮಣಿಪಾಲದ ಡಾಕ್ಟರಿಗೆ ಒಂದು ಪೊಟ್ಟಣ, ವಕೀಲೆಗೆ ಒಂದು. ಮೂರನೆಯದನ್ನು ಕಟ್ಟುವಾಗ ಗಂಡ ಬಗ್ಗಿ ನೋಡಿದ.

"ಇದು ಯಾರಿಗೆ?"

"ಕಾರ್ಕಳದ ಡಾಕ್ಟ್ರಿಗೆ."

"ಪುನಃ? ವಕೀಲರನ್ನು ಕೇಳಿದೆಯಾ?"

"ಕೇಸು ಮುಗಿಯಿತಲ್ವಾ. ಇದು ಹೊಲಿಗೆಗೆ ಅಲ್ಲ, ಸತ್ಯ ಹೇಳಿದ್ದಕ್ಕೆ."

ಅವನು ಪೊಟ್ಟಣ ಬಿಡಿಸಿ ಒಳಗಿನ ತುಂಡು ನೋಡಿದ.

"ಹಾಗಾದರೆ ಬಾಲದ್ದು ಬೇಡ," ಎಂದ. "ನಡುವಿನ ತುಂಡು ಹಾಕು."