ಚಿರತೆ ಕಣ್ಣಿಟ್ಟಿದ್ದು ಕೊರಳ ಮೇಲೆ

ಫೋಟೋ ಸ್ಪರ್ಧೆಗೆ ಚಿರತೆಯ ಮುಖ ಬೇಕು ಅಂತ ಮೊಮ್ಮಗಳು ಕಾವ್ಯ ಯಲಹಂಕದಿಂದ ನನ್ನನ್ನೂ ಝೂಗೆ ಎಳ್ಕೊಂಡು ಹೋದಳು. ಚಿರತೆ ನೋಡಿದ್ರೆ ಬೆನ್ನು ತಿರುಗಿಸಿ ಮಲಗಿದೆ, ಎಷ್ಟು ಕಾದ್ರೂ ಜಪ್ಪಯ್ಯ ಅನ್ನಲಿಲ್ಲ. "ಕಳಿಸೋಕೆ ಇವತ್ತೇ ಕೊನೇ ದಿನ ಕಣಜ್ಜಿ," ಅಂತ ಹುಡುಗಿ ಅಳೋ ಹಾಗಾದಳು.

ಕಾಲು ಸೋತು ನಾನು ಗಾಜಿನ ಪಕ್ಕ ಕೂತೆ, ಅಷ್ಟೆ. ಚಿರತೆ ಎದ್ದು ಸೀದಾ ನನ್ನ ಮುಂದೆ ಬಂತು. ಒಂಚೂರೂ ಸದ್ದಿಲ್ಲ. ಕಣ್ಣು ನನ್ನ ಕೊರಳ ಮೇಲೆ. ನಾನು ಈಚೆ ಸರಿದರೆ ಅದೂ ಈಚೆ.

"ಅಜ್ಜೀ, ಅಲ್ಲಾಡಬೇಡ!"

"ನೀನೇ ಬಂದು ಕೂತ್ಕೊ, ಗೊತ್ತಾಗುತ್ತೆ," ಅಂದೆ.

ಅಲ್ಲಿ ಪ್ರಾಣಿ ನೋಡ್ಕೊಳ್ಳೋನು ಓಡಿ ಬಂದ, ಮುಖ ಬಿಳಿಚಿಕೊಂಡಿತ್ತು. "ಇದು ನನ್ ಹತ್ರಾನೂ ಹಿಂಗೆ ಬರಲ್ಲ ಅಜ್ಜಿ. ಕೊರಳಲ್ಲಿ ಏನ್ ಹಾಕಿದ್ದೀರಿ?"

ಕೈ ತಾನಾಗಿ ಸೆರಗಿಗೆ ಹೋಯ್ತು. ಭಯ ಆಗಬಾರದು ಅಂತ ನಮ್ಮ ಯಜಮಾನರು ಮಗುವಾಗಿದ್ದಾಗ ಅವರಿಗೆ ಕಟ್ಟಿದ್ದ ಹುಲಿಯುಗುರು, ಅವರು ಹೋದ ಮೇಲೆ ನಾನೇ ಹಾಕ್ಕೊಂಡಿದ್ದೆ. ಹುಲಿದೋ ಚಿರತೆದೋ, ನೋಡಿದೋರು ಯಾರು?

"ತಾಯಿತ ಕಣಪ್ಪ," ಅಂದೆ.

ಚಿರತೆ ಮುಂಗಾಲೆತ್ತಿ ನನ್ನ ಕೊರಳಿಗೆ ನೇರವಾಗಿ ಗಾಜಿನ ಮೇಲೆ ಇಟ್ಟಿತು. ಉಗುರುಗಳು ಹೊರಗೆ ಬಂದವು. ಒಂದು ಬೆರಳಲ್ಲಿ ಮಾತ್ರ ಉಗುರಿರಲಿಲ್ಲ. ಕ್ಯಾಮೆರಾ ಕ್ಲಿಕ್ ಅಂತು.

ಫೋಟೋ ಚೆನ್ನಾಗಿ ಬಂತು. ಕಾವ್ಯ ಅದನ್ನ ನನ್ನ ಮಂಚದ ಎದುರಿಗೇ ಹಾಕಿದ್ದಾಳೆ. ನಾನು ಅದರ ಮೇಲೊಂದು ಟವಲ್ ಇಳಿಬಿಟ್ಟಿದ್ದೀನಿ. ಯಾರಾದ್ರೂ ಕೇಳಿದ್ರೆ, ಧೂಳು ಕೂರುತ್ತೆ ಅಂತೀನಿ.