ನೀರು ಬೆರೆಸದ ಹಾಲು

ಮಧ್ಯಾಹ್ನ ಮೂರು ಗಂಟೆಗೆ ಅಕ್ಕನ ಮಗು ಕುಡಿದ ಹಾಲನ್ನೆಲ್ಲ ಮೊಸರಿನಂತೆ ಕಕ್ಕಿತು. ಅಕ್ಕನಿಗೆ ಟೈಫಾಯ್ಡ್ ಬಂದು ಎದೆಹಾಲು ಬತ್ತಿದ್ದರಿಂದ ಅಂದೇ ಹಸುವಿನ ಹಾಲು ಶುರುಮಾಡಿದ್ದರು. ಹೊಟ್ಟೆ ಉಬ್ಬಿತು, ಭೇದಿಯಾಯಿತು. ಬಸ್ಸಿನಲ್ಲಿ ತೀರ್ಥಹಳ್ಳಿ ಸೇರುವಷ್ಟರಲ್ಲಿ ಮಗು ಅಳುವುದನ್ನೂ ನಿಲ್ಲಿಸಿತ್ತು.

“ಅರ್ಧ ನೀರು ಹಾಕಿ ಕಾಯಿಸಿ ಅಂದಿದ್ನಲ್ಲ, ಹಾಕಿದ್ರಾ?” ಎಂದು ಡಾಕ್ಟರು ಗದರಿದರು.

ಕೋಣಂದೂರಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದ ಅಕ್ಕನ ಅತ್ತೆ ತಲೆತಗ್ಗಿಸಿದರು. “ಊರೋರಿಗೇ ಒಂದು ಹನಿ ನೀರು ಬೆರೆಸ್ದೋಳಲ್ಲ ನಾನು. ನನ್ ಮೊಮ್ಮಗಂಗೆ ನೀರುಹಾಲು ಹ್ಯಾಂಗೆ ಕೊಡ್ಲಿ, ಡಾಕ್ಟ್ರೇ?”

ಮಗು ಉಳಿಯಿತು. ಆದರೆ ಅತ್ತೆ ಮತ್ತೆ ಅದಕ್ಕೆ ಹಾಲು ಕುಡಿಸಲಿಲ್ಲ; ಹಾಲು ತುಂಬಿದ ಒಳಲೆಯನ್ನು ನನ್ನ ಕೈಗಿಟ್ಟು ಬಾಗಿಲಾಚೆ ನಿಲ್ಲುತ್ತಿದ್ದರು. ಯುಗಾದಿಯ ರಾತ್ರಿ ಮಗು ಮೊದಲ ಸಲ ಬೆಳಗಿನವರೆಗೂ ಮಲಗಿತು. ನಾವೂ ಮಲಗಿದೆವು, ಅವರೊಬ್ಬರನ್ನು ಬಿಟ್ಟು.